ಧೂಮಪಾನ: ಇಲ್ಲ

ಜಿಲ್ಲಾಸ್ಪತ್ರೆ, ಹದಿನೇಳನೇ ಕೋಣೆ.
ಉಸಿರು ಅಳೆಯುವ ಯಂತ್ರದ ಹಿಂದೆ ನನ್ನ ಸ್ಟೂಲು.
ದಿನವಿಡೀ ಒಂದೇ ಮಾತು:
ಊದ್ರಿ, ಊದ್ರಿ, ಊದ್ರಿ,
ಇನ್ನೂ, ಇನ್ನೂ, ನಿಲ್ಲಿಸಬ್ಯಾಡ್ರಿ.
ಆರು ಸೆಕೆಂಡು ಸಾಕು ಯಂತ್ರಕ್ಕೆ.
ಆರು ಸೆಕೆಂಡು ಎಷ್ಟು ಉದ್ದ ಅಂತ
ಮಂಡಕ್ಕಿ ಭಟ್ಟಿ ಓಣಿಯವರನ್ನು ಕೇಳಬೇಕು.

ಗಟ್ಟಿ ಎದೆಯ ಗೆರೆ ಗುಡ್ಡದ ಹಾಗೆ ಏರಿ ನೆಟ್ಟಗೆ ಇಳಿಯುತ್ತದೆ.
ಇವರದು ನಡುವೆ ಜೋತುಬೀಳುತ್ತದೆ,
ಒದ್ದೆ ಕೌದಿ ಹೊತ್ತ ಹಗ್ಗದಂತೆ.

ಚಮನ್‌ಬಿ ಬಂದದ್ದು ಮಂಗಳವಾರ.
ಸೆರಗಿನ ಗಂಟಲ್ಲಿ ಆಟೋದ ಚಿಲ್ಲರೆ,
ಚೀಟಿಯಲ್ಲಿ ವಯಸ್ಸು ನಲವತ್ತಾರು, ಎಕ್ಸ್‌ರೇಯಲ್ಲಿ ಎಪ್ಪತ್ತು.
ನಮೂನೆ ಕೇಳುತ್ತದೆ, ಧೂಮಪಾನ: ಹೌದು / ಇಲ್ಲ.
ಬೀಡಿ ಸೇದ್ತೀರೇನಮ್ಮಾ, ಅಂದೆ.
ನಕ್ಕಳು. ನಗು ಕೆಮ್ಮಾಯಿತು.
ಕೆಮ್ಮು ಮುಗಿದು ಮತ್ತೆ ನಗುವಾಗುವ ತನಕ
ಪೆನ್ನು ಹಿಡಿದು ಕಾದೆ.
"ಬರ್ಕೋ ಮೇಡಂ, ದಿನಕ್ಕೆ ಎರಡು.
ಒಂದು ಲಾರೀದು, ಒಂದು ಟ್ರ್ಯಾಕ್ಟರ್‌ದು."

ಬರೆದೆ: ಇಲ್ಲ.
ಟೈರಿಗೆ ಆ ಹಾಳೆಯಲ್ಲಿ ಮನೆ ಕೊರೆದಿರಲಿಲ್ಲ.

ನಸುಕಿನ ನಾಲ್ಕಕ್ಕೆ ಭಟ್ಟಿ ಹೊತ್ತುತ್ತದಂತೆ.
ಭತ್ತದ ಹೊಟ್ಟನ್ನು ಇಟ್ಟಿಗೆಯವರು ಬಾಚಿಕೊಂಡು ಹೋದ ವರ್ಷ
ಟೈರು ಬಂತಂತೆ.
ಮಾಲೀಕ ಮೌಲಾಲಿ ಕೆಟ್ಟವನೇನಲ್ಲ,
ಮೂಟೆಗೆ ನಾಲ್ಕು ರೂಪಾಯಿ ಉಳಿಯುತ್ತದೆ ಅಷ್ಟೆ.
ಅವನ ಮಗ ಹೋದ ವಾರ ಇದೇ ಕುರ್ಚಿಯಲ್ಲಿ ಕೂತು
ಊದಿ ಹೋದ.

ಉಪ್ಪು ಹಚ್ಚಿದ ಅಕ್ಕಿ ಕಾದ ಮರಳಿಗೆ ಬಿದ್ದರೆ
ಕಣ್ಣೆವೆ ಬಡಿಯುವುದರೊಳಗೆ ಅರಳುತ್ತದೆ.
ಪ್ರತಿ ಕಾಳೂ ಎದೆತುಂಬ ಗಾಳಿ ಹಿಡಿದು
ಜರಡಿಯ ಮೇಲೆ ಹಾರಿ ಕೂರುತ್ತದೆ.
ಅಕ್ಕಿಗೆ ಯಾರೂ "ಇನ್ನೂ, ಇನ್ನೂ" ಅನ್ನಬೇಕಿಲ್ಲ.

ಟೈರು ಉರಿದ ಬೂದಿಯಲ್ಲಿ ತಂತಿ ಉಳಿಯುತ್ತದೆ,
ಬಾಚಣಿಗೆಗೆ ಸುತ್ತಿಕೊಂಡ ಕೂದಲಿನ ಹಾಗೆ, ಉಂಡೆ ಉಂಡೆ.
ಹುಡುಗರು ಅದನ್ನು ಗುಜರಿಗೆ ಹಾಕಿ ಐಸ್‌ಕ್ಯಾಂಡಿ ತಿನ್ನುತ್ತಾರೆ.
ಹೊಗೆಯನ್ನು ಯಾವ ಗುಜರಿಯವನೂ ಕೇಳುವುದಿಲ್ಲ.
ಅದು ಪುಕ್ಕಟೆ, ಮನೆ ಮನೆಗೆ ತಾನೇ ಬರುತ್ತದೆ:
ಹಾಲಿನ ಕೆನೆಯ ಮೇಲೆ,
ಶಾಲೆಗೆ ಹೋಗುವ ಬಿಳಿ ದುಪಟ್ಟಾದ ಮೇಲೆ,
ನಮಾಜಿಗೆ ಬಾಗಿದ ಮುದುಕನ ಟೋಪಿಯ ಮೇಲೆ.
"ಕೂಸಿಗೆ ದೃಷ್ಟಿಬೊಟ್ಟು ಇಡೋದೇ ಬಿಟ್ಟೀವಿ," ಅಂದಳು ಚಮನ್‌ಬಿ,
"ಅದೇ ಬಂದು ಕೂಡ್ತದ."

ಕೊಳವೆ ಕೊಟ್ಟೆ. ಊದ್ರಿ ಅಂದೆ.
"ಊದುಗೊಳವೆ ಹಿಡಿದೇ ಬೆಳೆದ ಬಾಯಿ ಇದು,
ನಂಗೇ ಕಲಿಸ್ತೀಯಾ?"
ಮೊದಲ ಸಲ ಮೂರು ಸೆಕೆಂಡು.
ಎರಡನೇ ಸಲ, ಕೈ ಮೇಜಿನ ಅಂಚು ಹಿಡಿಯಿತು.
ಮೂರನೇ ಸಲ ಯಂತ್ರ ಕೆಂಪಗೆ ಮಿನುಗಿ
ಇಂಗ್ಲಿಷಿನಲ್ಲಿ ಬರೆಯಿತು: ಇನ್ನಷ್ಟು ಪ್ರಯತ್ನ ಪಡಿ.
ಆಕೆ ಕೇಳಿದಳು, ಏನಂತದೆ ಅದು?
ಏನಿಲ್ಲ, ಮುಗೀತು ಅಂತದೆ, ಅಂದೆ.

ಆಕೆ ಹೋದ ಮೇಲೆ ಹಾಳೆಯ ಅಂಚಿನಲ್ಲಿ
ಪೆನ್ಸಿಲಿನಿಂದ ಬರೆದೆ: ಟೈರು, ದಿನಕ್ಕೆ ಎರಡು.
ಡಾಕ್ಟರು ಸಂಜೆ ಸಹಿ ಹಾಕುವಾಗ ನೋಡಿದರು,
ನನ್ನನ್ನೂ ನೋಡಿದರು,
ರಬ್ಬರು ಹುಡುಕಿದರು.
ರಬ್ಬರು ಸಿಗಲಿಲ್ಲ.

ಬರುವಾಗ ಗಾಡಿಯವನ ಹತ್ತಿರ ನಿಂತೆ,
ಪ್ರತಿ ದಿನದಂತೆ.
ಖಾರ, ಈರುಳ್ಳಿ, ಎರಡು ಮೆಣಸಿನಕಾಯಿ ಬಜ್ಜಿ,
ಮಲ್ಲಿಗೆಯಷ್ಟು ಬೆಳ್ಳಗೆ ಮಂಡಕ್ಕಿ.
ಪೊಟ್ಟಣಕ್ಕೆ ತೂಕವೇ ಇರಲಿಲ್ಲ.
ತಿಂದೆ.
ರುಚಿಯಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮನೆ ಮುಟ್ಟುವಾಗ ಗಾಳಿ ತಿರುಗಿತ್ತು.
ಮಗಳು ಕಿಟಕಿಯಿಂದಲೇ ಕೂಗಿದಳು:
ಅಮ್ಮಾ, ಬಟ್ಟೆ ಒಳಗೆ ತಗೊಂಡೀನಿ,
ನಿನ್ನ ಬಿಳಿ ಕೋಟು ಮಾತ್ರ
ತಡ ಆಗಿಬಿಟ್ಟಿತು.